ಕೊಡಗಿನಲ್ಲಿ ದಿನಾ ಓಡಿಸಲು ಹಳೆಯ ಸ್ಪೋರ್ಟ್ಸ್ ಕಾರು: ಅಬಾರ್ತ್ ಪುಂಟೊ, ಪೋಲೊ ಜಿಟಿ, ಆಕ್ಟೇವಿಯಾ ವಿಆರ್‌ಎಸ್

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ನೋಡಲು ಹೊರಟವರು ಮೊದಲು ಕೇಳುವುದು ಪವರ್ ಎಷ್ಟು ಅಂತ. ಮಡಿಕೇರಿ, ಸಿದ್ದಾಪುರ, ಗೋಣಿಕೊಪ್ಪದ ಕಡೆಯವರಾದರೆ ಅದಕ್ಕೂ ಮೊದಲು ಒಂದು ಟೇಪು ಹಿಡಿದುಕೊಂಡು ಮನೆಯ ಗೇಟಿನಿಂದ ಡಾಂಬರು ರಸ್ತೆಯ ತನಕ ನಡೆದು ಬರಬೇಕು. ಜೀಪು, ಪಿಕಪ್ ಓಡಾಡಿದ ತೋಟದ ದಾರಿಯಲ್ಲಿ ಚಕ್ರದ ಜಾಡು ಎರಡೂ ಕಡೆ ಗುಂಡಿ ಬಿದ್ದು, ನಡುವೆ ಹುಲ್ಲು ಬೆಳೆದ ದಿಣ್ಣೆ ಉಳಿದಿರುತ್ತದೆ. ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿ, ಅಂದರೆ ಆಯಿಲ್ ಸಂಪ್ ಒಡೆಯುವುದು ಆ ದಿಣ್ಣೆಗೇ. ಉದ್ದದ ಪಟ್ಟಿಯೊಂದನ್ನು ದಿಣ್ಣೆಯ ಮೇಲೆ ಅಡ್ಡಲಾಗಿ ಮಟ್ಟಸ ಹಿಡಿದು, ಅಲ್ಲಿಂದ ಜಾಡಿನ ತಳಕ್ಕೆ ಅಳೆಯಿರಿ. 100 ಮಿಲಿಮೀಟರ್ ಒಳಗಿದ್ದರೆ ಮುಂದೆ ಓದಿ. 130 ದಾಟಿದ್ದರೆ ಮೊದಲು ಜಲ್ಲಿ ತರಿಸಿ, ಆಮೇಲೆ ಕಾರು ನೋಡಿ. ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಕಾರಿನ ತಳಕ್ಕಿರುವ ಎತ್ತರ) ಸಾಮಾನ್ಯವಾಗಿ ಖಾಲಿ ಗಾಡಿಯದ್ದು. ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಸಾಮಾನು ಹೇರಿದರೆ ಅದರಲ್ಲಿ ಎರಡು ಮೂರು ಸೆಂಟಿಮೀಟರ್ ಸುಲಭವಾಗಿ ಇಳಿದುಹೋಗುತ್ತದೆ.

ಈ ಲೆಕ್ಕದಲ್ಲೇ ಎರಡು ಸೀಟಿನ ಕಾರುಗಳು ಪಟ್ಟಿಯಿಂದ ಬಿದ್ದುಹೋಗುತ್ತವೆ. ಪೋರ್ಷೆ ಬಾಕ್ಸ್‌ಸ್ಟರ್, ಬಿಎಂಡಬ್ಲ್ಯು ಝಡ್4 ನೋಡಲು ಚಂದ, ಜುಲೈ-ಆಗಸ್ಟಿನ ಜಡಿಮಳೆಯ ಕಕ್ಕಡ ತಿಂಗಳಲ್ಲಿ ಇಟ್ಟುಕೊಳ್ಳಲು ಕಷ್ಟ. ತೆರೆಯುವ ಮಾಡಿನ ಸುತ್ತ ನೀರು ಹರಿದುಹೋಗಲು ಸಣ್ಣ ಡ್ರೈನ್ ಕೊಳವೆಗಳಿರುತ್ತವೆ. ಸಿಲ್ವರ್ ಓಕ್ ಮರದ ಕೆಳಗೆ ಒಂದು ವಾರ ನಿಲ್ಲಿಸಿದರೆ ಸಾಕು, ಎಲೆಯ ಪುಡಿ ಅದರಲ್ಲಿ ಗಟ್ಟಿಯಾಗಿ ಕೂರುತ್ತದೆ. ಮುಂದಿನ ಮಳೆಯ ನೀರು ಸೀಟಿನ ಹಿಂದೆ, ಕಾರ್ಪೆಟ್ಟಿನ ಅಡಿಯಲ್ಲಿ, ಎಲೆಕ್ಟ್ರಾನಿಕ್ ಪೆಟ್ಟಿಗೆಗಳ ಪಕ್ಕದಲ್ಲಿ ನಿಲ್ಲುತ್ತದೆ. ಪಕ್ಕಾ ಶೆಡ್ಡು, ಮನೆಯಲ್ಲಿ ಇನ್ನೊಂದು ಗಾಡಿ ಎರಡೂ ಇದ್ದವರು ಬೇಕಾದರೆ ಯೋಚಿಸಲಿ.

ಉಳಿಯುವುದು ಐದು ಬಾಗಿಲಿನ ವೇಗದ ಕಾರುಗಳು. ಅವುಗಳಲ್ಲಿ ಮೂರನ್ನು ಇಲ್ಲಿ ತೂಗಿ ನೋಡೋಣ.

ಮೊದಲನೆಯದು ಫಿಯೆಟ್ ಅಬಾರ್ತ್ ಪುಂಟೊ. 2015ರಲ್ಲಿ ಬಂತು, 2019ರ ಹೊತ್ತಿಗೆ ಪುಂಟೊ ಜೊತೆಗೇ ನಿಂತುಹೋಯಿತು. 1.4 ಲೀಟರಿನ ಟಿ-ಜೆಟ್ ಟರ್ಬೊ ಪೆಟ್ರೋಲ್ ಎಂಜಿನ್, 145 ಪಿಎಸ್, 212 ನ್ಯೂಟನ್ ಮೀಟರ್, 5 ಗೇರಿನ ಮ್ಯಾನುಯಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಸ್ಟಿಯರಿಂಗ್ ಹೈಡ್ರಾಲಿಕ್, ಸಂಪಾಜೆ ಘಾಟಿಯ ತಿರುವಿನಲ್ಲಿ ಚಕ್ರದ ಕೆಳಗೆ ಏನಿದೆ ಅನ್ನುವುದು ಕೈಗೆ ನೇರ ಗೊತ್ತಾಗುತ್ತದೆ. ಈ ಮೂರರಲ್ಲಿ ಓಡಿಸುವ ಖುಷಿ ಹೆಚ್ಚು ಇರುವುದು ಇದರಲ್ಲೇ. ಗ್ರೌಂಡ್ ಕ್ಲಿಯರೆನ್ಸ್ 155 ಮಿಲಿಮೀಟರ್, ಟೈರು 195/55 ಆರ್16. ಅಂದರೆ ಗುಂಡಿಗೆ ಬಿದ್ದಾಗ ಹೊಡೆತ ತಿನ್ನಲು ಸೈಡ್‌ವಾಲ್‌ನಲ್ಲಿ ತಕ್ಕಮಟ್ಟಿಗೆ ರಬ್ಬರ್ ಇದೆ.

ದೊಡ್ಡ ಕೊರತೆ ಒಂದೇ: ಕಾರು ಜಾರಿದಾಗ ತಾನೇ ಹಿಡಿತಕ್ಕೆ ತರುವ ಇಎಸ್‌ಪಿ ಇಲ್ಲ, ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. 2000 ಆರ್‌ಪಿಎಂ ದಾಟಿದ ಕೂಡಲೇ ಟರ್ಬೊ ಒಮ್ಮೆಲೇ ಎಳೆಯುತ್ತದೆ. ಮಳೆಯಲ್ಲಿ, ಎಲೆ ಬಿದ್ದು ಪಾಚಿ ಕಟ್ಟಿದ ಏರಿನಲ್ಲಿ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮುಂದಿನ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ, ಸ್ಟಿಯರಿಂಗ್ ಒಂದು ಪಕ್ಕಕ್ಕೆ ಎಳೆಯುತ್ತದೆ. ಮನೆಯಲ್ಲಿ ಹೊಸದಾಗಿ ಲೈಸೆನ್ಸ್ ತೆಗೆದವರೂ ಇದೇ ಕಾರು ಓಡಿಸುವುದಾದರೆ ಇದು ಬೇಡ.

ಟಿ-ಜೆಟ್ ನೋಡುವಾಗ ಮೊದಲು ಕೇಳಬೇಕಾದ ಕಾಗದ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು. ಬೆಲ್ಟಿಗೆ ಕಿಲೋಮೀಟರಿನಷ್ಟೇ ವಯಸ್ಸೂ ಲೆಕ್ಕ. ಕೊನೆಯ ಕಾರುಗಳೂ ಐದು ವರ್ಷ ದಾಟಿವೆ, ಆದ್ದರಿಂದ 35 ಸಾವಿರ ಮಾತ್ರ ಓಡಿದೆ ಅನ್ನುವ ಮಾತು ಇಲ್ಲಿ ಸಮಾಧಾನವಲ್ಲ. ಬಿಲ್ಲು ಇಲ್ಲದಿದ್ದರೆ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರೂ ಒಟ್ಟಿಗೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬೆಲ್ಟ್ ತುಂಡಾದರೆ ವಾಲ್ವು ಬಾಗುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ. ಆಮೇಲೆ ಬಾನೆಟ್ ಎತ್ತಿ ಇಂಟರ್‌ಕೂಲರ್ ಹೋಸುಗಳ ಜೋಡಣೆ ನೋಡಿ. ತೆಳುವಾಗಿ ಎಣ್ಣೆಯ ಪಸೆ ಇದ್ದರೆ ಹೆದರಬೇಕಿಲ್ಲ, ತೊಟ್ಟಿಕ್ಕುತ್ತಿದ್ದರೆ ಟರ್ಬೊ ಸೀಲು ಸಂಶಯ. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಎಳೆತ ನಡುವೆ ಕುಸಿದು ಮತ್ತೆ ಬಂದರೆ ಡೈವರ್ಟರ್ ವಾಲ್ವಿನ ಡಯಾಫ್ರಮ್ ಹರಿದಿರಬಹುದು. ಅದು ಸಣ್ಣ ಕೆಲಸ. ಜರ್ಕ್ ಹೊಡೆದು ಎಂಜಿನ್ ಲೈಟ್ ಮಿನುಗಿದರೆ ಇಗ್ನಿಷನ್ ಕಾಯಿಲ್ ಅಥವಾ ಪ್ಲಗ್. ಎಂಜಿನ್ನಿನಲ್ಲಿ ಹಿಡಿಯುವ ಆಯಿಲ್ ಹೆಚ್ಚು ಕಡಿಮೆ 3 ಲೀಟರ್ ಮಾತ್ರ, ಹಾಗಾಗಿ ಸಣ್ಣ ಸೋರಿಕೆಯೂ ಬೇಗ ದೊಡ್ಡದಾಗುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡುವ ಅಭ್ಯಾಸ ಇಲ್ಲದವರ ಕೈಯಿಂದ ಬಂದ ಕಾರು ಬೇಡ.

ಬಿಡಿಭಾಗದ ಮಾತು. ಬಾಡಿ ಪ್ಯಾನೆಲ್, ಸಸ್ಪೆನ್ಷನ್ನಿನ ಹಲವು ಭಾಗ ಸಾಮಾನ್ಯ ಪುಂಟೊದ್ದೇ. ಎಂಜಿನ್ನಿನ ಬಹುಪಾಲು ಲಿನಿಯಾ ಟಿ-ಜೆಟ್‌ನಲ್ಲೂ ಇದೆ. ಸಿಗುತ್ತದೆ, ಆದರೆ ಕಾಯಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಸುಮಾರು 140. ಒಂದು ಸೆನ್ಸರಿಗೆ ಎರಡು ವಾರ ಕಾರು ನಿಂತರೂ ತೊಂದರೆ ಇಲ್ಲ ಅನ್ನುವವರಿಗೆ ಮಾತ್ರ ಅಬಾರ್ತ್. ಶೆಡ್ಡಿನಲ್ಲಿ ಜೀಪು ಇದೆಯಾ, ಹಾಗಾದರೆ ಕಣ್ಣು ಮುಚ್ಚಿ ಇದನ್ನೇ ತೆಗೆದುಕೊಳ್ಳಬಹುದು. ಕಣ್ಣು ಮುಚ್ಚುವ ಮೊದಲು ಬೆಲ್ಟಿನ ಬಿಲ್ಲು ನೋಡಿರಬೇಕು, ಅಷ್ಟೆ.

ಎರಡನೆಯದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. ಹೆಸರು ಒಂದೇ, ಕಾರು ಎರಡು. 2013ರಿಂದ ಬಂದದ್ದು 1.2 ಟಿಎಸ್‌ಐ: 105 ಪಿಎಸ್, 175 ನ್ಯೂಟನ್ ಮೀಟರ್, 7 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್. 2020ರಲ್ಲಿ ಅದರ ಜಾಗಕ್ಕೆ ಬಂದದ್ದು 1.0 ಟಿಎಸ್‌ಐ: 110 ಪಿಎಸ್, ಟಾರ್ಕ್ ಅಷ್ಟೇ, ಗೇರ್‌ಬಾಕ್ಸ್ ಮಾತ್ರ 6 ಗೇರಿನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್. ಜಾಹೀರಾತಿನಲ್ಲಿ ಎರಡಕ್ಕೂ ಜಿಟಿ ಅಂತಲೇ ಬರೆದಿರುತ್ತಾರೆ, ಇಸವಿ ನೋಡಿ ಮಾತಾಡಿ.

ಹಳೆಯದರ ಡಿಎಸ್‌ಜಿಗೆ ಒಳಗಡೆ ಒಣ ಕ್ಲಚ್ಚು ಎರಡು. ಆಯಿಲ್ಲಿನಲ್ಲಿ ಮುಳುಗಿಲ್ಲದ ಕಾರಣ ಅವುಗಳ ಬಿಸಿ ಬೇಗ ಆರುವುದಿಲ್ಲ. ಹೆದ್ದಾರಿಯಲ್ಲಿ ಇದರಷ್ಟು ಚುರುಕಿನ ಗೇರ್‌ಬಾಕ್ಸ್ ಆ ಬೆಲೆಗೆ ಬೇರೆ ಇಲ್ಲ. ಲಾಂಗ್ ವೀಕೆಂಡಿನಲ್ಲಿ ಮಡಿಕೇರಿ ಏರುವ ಪ್ರವಾಸಿಗರ ಸಾಲಿನಲ್ಲಿ ಒಂದು ಗಂಟೆ ತೆವಳುತ್ತಾ ಹೋದರೆ ಮಾತ್ರ ಅದರ ನಿಜಬಣ್ಣ ತಿಳಿಯುತ್ತದೆ. ಬ್ರೇಕ್ ಬಿಟ್ಟು ತೆವಳುವಾಗ ಕ್ಲಚ್ಚು ಅರ್ಧ ಹಿಡಿದೇ ಇರುತ್ತದೆ, ಬಿಸಿಯಾಗುತ್ತದೆ, ದಿನ ಕಳೆದ ಹಾಗೆ ನಡುಕ ಶುರುವಾಗುತ್ತದೆ. ಇದಕ್ಕಿಂತ ದೊಡ್ಡ ಖರ್ಚು ಮೆಕಾಟ್ರಾನಿಕ್ ಯೂನಿಟ್. ಗೇರ್ ಬದಲಿಸುವ ಕಂಪ್ಯೂಟರು, ಹೈಡ್ರಾಲಿಕ್ ಪಂಪು ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಅದರ ಒತ್ತಡ ಕುಸಿದರೆ ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಗುರುತು ಮಿನುಗುತ್ತದೆ, ಗಾಡಿ ಇದ್ದಲ್ಲೇ ನಿಲ್ಲುತ್ತದೆ, ಬಿಲ್ಲು ಲಕ್ಷದ ಲೆಕ್ಕದಲ್ಲಿ ಬರುತ್ತದೆ.

ಪರೀಕ್ಷೆ ಹೀಗೆ ಮಾಡಿ. ಅರ್ಧ ಗಂಟೆ ಪೇಟೆಯಲ್ಲೇ ಓಡಿಸಿ ಗೇರ್‌ಬಾಕ್ಸ್ ಪೂರ್ತಿ ಬಿಸಿ ಮಾಡಿ. ಆಮೇಲೆ ಒಂದು ಏರಿನಲ್ಲಿ ನಿಲ್ಲಿಸಿ ಡಿಗೆ ಹಾಕಿ ಬ್ರೇಕ್ ನಿಧಾನ ಬಿಡಿ. ಸೀಟಿನಲ್ಲಿ ಗಡಗಡ ಅನ್ನಿಸಿದರೆ ಕ್ಲಚ್ಚು ಸವೆದಿದೆ. ಅದೇ ಏರಿನಲ್ಲಿ ರಿವರ್ಸ್ ಹಾಕಿ ಹಿಂದಕ್ಕೆ ಹತ್ತಿಸಿ. ತೋಟದ ಗೇಟಿನಲ್ಲಿ ದಿನಾ ಮಾಡಬೇಕಾದ ಕೆಲಸ ಇದೇ ತಾನೆ. ಎರಡರಿಂದ ಒಂದಕ್ಕೆ ಇಳಿಯುವಾಗ ಟಕ್ ಅಂತ ಹೊಡೆತ ಬಂದರೂ ಮುಂದಿನ ಮಾತು ಬೇಡ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಕ್ಷಣ ಎಂಜಿನ್ನಿನ ಬದಿಯಿಂದ ಸರಪಳಿ ಅಲ್ಲಾಡಿಸಿದ ಹಾಗೆ ಸದ್ದು ಕೇಳಿದರೆ ಟೈಮಿಂಗ್ ಚೈನ್ ಸಡಿಲವಾಗಿದೆ.

ಮಾರುವವರು ರೀಮ್ಯಾಪ್ ಆಗಿದೆ, ಅಂದರೆ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಪವರ್ ಏರಿಸಿದೆ ಅಂತ ಹೆಮ್ಮೆಯಿಂದ ಹೇಳುತ್ತಾರೆ. ಈ ಡಿಎಸ್‌ಜಿಯನ್ನು ರೂಪಿಸಿರುವುದೇ 250 ನ್ಯೂಟನ್ ಮೀಟರ್ ಮಿತಿಗೆ. ರೀಮ್ಯಾಪ್ ಮಾಡಿ ಆ ಅಂಚಿಗೆ ತಂದು ಓಡಿಸಿದ ಕಾರಿನ ಕ್ಲಚ್ಚಿಗೆ ಬೆಲೆ ಕಟ್ಟಬೇಕಾದವರು ಕೊಳ್ಳುವವರು.

1.0 ಟಿಎಸ್‌ಐನಲ್ಲಿ ಈ ತಲೆನೋವು ಇಲ್ಲ. ಟಾರ್ಕ್ ಕನ್ವರ್ಟರ್ ಎಂಜಿನ್ನಿನ ಬಲವನ್ನು ಕ್ಲಚ್ಚಿನ ಬದಲು ಆಯಿಲ್ಲಿನ ಮೂಲಕ ದಾಟಿಸುತ್ತದೆ, ತೆವಳಲು ಹೇಳಿ ಮಾಡಿಸಿದ್ದು. ಇದರ ಕಾಯಿಲೆ ಇಂಧನದ ಕಡೆಯದು: ಹೈ ಪ್ರೆಶರ್ ಪಂಪು, ಇಂಜೆಕ್ಟರು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ನಿಯಂತ್ರಣದ ದೋಷ ತೋರಿಸುವ ಇಪಿಸಿ ಲೈಟ್ ಎಂದಾದರೂ ಬಂದಿತ್ತಾ ಅಂತ ಸರ್ವಿಸ್ ದಾಖಲೆಯಲ್ಲೇ ಹುಡುಕಿ, ಬಾಯಿಮಾತು ನಂಬಬೇಡಿ. ಟ್ಯಾಂಕಿನ ತಳದಲ್ಲಿ ನೀರು ಸೇರಿಸಿಕೊಂಡ ಪೆಟ್ರೋಲ್ ಈ ಎಂಜಿನ್ನಿಗೆ ಆಗುವುದಿಲ್ಲ. ಓಡಾಟ ಹೆಚ್ಚಿರುವ ಬಂಕಿನಲ್ಲೇ ಹಾಕಿಸಿ. ಎರಡೂ ಜಿಟಿಗಳಲ್ಲಿ ಇಎಸ್‌ಪಿ, ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಇವೆ. ಮಾಕುಟ್ಟ ಘಾಟಿಯ ಮಳೆಯಲ್ಲಿ ಈ ಎರಡರ ಬೆಲೆ 40 ಪಿಎಸ್‌ಗಿಂತ ಹೆಚ್ಚು.

ಮೂರನೆಯದು ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್, ಬೇರೆಯೇ ದರ್ಜೆ. 2017ರದ್ದು 2.0 ಲೀಟರ್ ಟರ್ಬೊ, 230 ಪಿಎಸ್, 350 ನ್ಯೂಟನ್ ಮೀಟರ್, 6 ಗೇರಿನ ಡಿಎಸ್‌ಜಿ. ಇದರ ಕ್ಲಚ್ಚು ಆಯಿಲ್ಲಿನಲ್ಲಿ ಮುಳುಗಿರುವಂಥದ್ದು, ಬಿಸಿ ತಡೆಯುತ್ತದೆ. 2020ರಲ್ಲಿ 245 ಪಿಎಸ್‌ನ ಇನ್ನೊಂದು ಬಂತು, ಭಾರತಕ್ಕೆ 200 ಕಾರು ಮಾತ್ರ. ಕೊಡಗಿಗೆ 17 ಇಂಚಿನ ಚಕ್ರದ 230 ವಾಸಿ, 245ರ 18 ಇಂಚಿನ ತೆಳು ಟೈರು ಇಲ್ಲಿನ ಗುಂಡಿಗೆ ಬಾಳುವುದಿಲ್ಲ. ಸಾಮಾನ್ಯ ಆಕ್ಟೇವಿಯಾಗಿಂತ ಕೆಳಗೆ ಕೂತ ಕಾರು, ಮೂತಿ ಉದ್ದ, ಹಂಪಿನ ಮೇಲೆ ಅಡ್ಡಡ್ಡ ಹತ್ತಿಸಬೇಕು. ನೋಡಬೇಕಾದ್ದು ಎರಡು: 60,000 ಕಿಲೋಮೀಟರಿಗೆ ಡಿಎಸ್‌ಜಿ ಆಯಿಲ್, ಫಿಲ್ಟರ್ ಬದಲಾಗಿದೆಯೇ, ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಇರುವ ಪ್ಲಾಸ್ಟಿಕ್ ಹೌಸಿಂಗ್ ಸುತ್ತ ಕೂಲೆಂಟ್ ಒಣಗಿದ ಕಲೆ ಇದೆಯೇ. ಮನೆ ಡಾಂಬರು ರಸ್ತೆಗೇ ಅಂಟಿಕೊಂಡಿದ್ದು, ವಾರಕ್ಕೆರಡು ಸಲ ಮೈಸೂರು, ಬೆಂಗಳೂರು ಅಂತ ಓಡಾಡುವವರಿಗೆ ಇದು ಒಪ್ಪುತ್ತದೆ.

ಯಾವುದೇ ಕಾರಾಗಲಿ, ಟೆಸ್ಟ್ ಡ್ರೈವಿಗೆ ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿದು ಮತ್ತೆ ಹತ್ತಿ. ಇಳಿಯುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಎರಡು ಕಿಲೋಮೀಟರ್ ಹೋಗಿ, ನೇರ ರಸ್ತೆ ಸಿಕ್ಕಿದಾಗ ಒಮ್ಮೆ ಒತ್ತಿ. ಕನ್ನಡಿಯಲ್ಲಿ ನೀಲಿ ಹೊಗೆ ಕಂಡರೆ ವಾಲ್ವ್ ಸೀಲು ಅಥವಾ ಟರ್ಬೊ ಆಯಿಲ್ ಕುಡಿಯುತ್ತಿದೆ. ಬಯಲುಸೀಮೆಯ ರಸ್ತೆಯಲ್ಲಿ ಈ ದೋಷ ಸುಲಭಕ್ಕೆ ಕಾಣುವುದಿಲ್ಲ. ಇಳಿದು ಮುಗಿದ ಮೇಲೆ ಬ್ರೇಕ್ ಪೆಡಲ್ ಮೆತ್ತಗಾಗಿದ್ದರೆ ಬ್ರೇಕ್ ಆಯಿಲ್ ನೀರು ಹೀರಿದೆ. ಇಲ್ಲಿನ ತೇವಕ್ಕೆ ಎರಡು ವರ್ಷ ಕಾಯದೆ ಪ್ರತಿ ಮಳೆಗಾಲಕ್ಕೆ ಮೊದಲು ಬದಲಿಸುವುದು ಒಳ್ಳೆಯದು. ಡಿಸ್ಕಿನ ಮೇಲೆ ರಾತ್ರಿ ಕಳೆದು ಬರುವ ಕೆಂಪು ತುಕ್ಕು ನಾಲ್ಕು ಬ್ರೇಕಿಗೆ ಹೋಗುತ್ತದೆ, ಅದು ದೋಷವಲ್ಲ. ಬೆರಳಿಗೆ ಸಿಗುವಷ್ಟು ಅಂಚು ಎದ್ದಿದ್ದರೆ ಡಿಸ್ಕ್ ಬದಲಿಸಬೇಕು. ಟೈರಿನ ಟ್ರೆಡ್ (ಗೀರುಗಳ ಆಳ) ಕಾನೂನಿಗೆ 1.6 ಮಿಲಿಮೀಟರ್ ಸಾಕು, ಕಕ್ಕಡದ ಮಳೆಗೆ 3 ಆದರೂ ಬೇಕು. ಟೈರು ಯಾವಾಗ ತಯಾರಾದದ್ದು ಅಂತ ಅದರ ಪಕ್ಕದಲ್ಲಿ ಬರೆದ ನಾಲ್ಕು ಅಂಕಿ ಹೇಳುತ್ತದೆ, ಮೊದಲೆರಡು ವಾರ, ಕೊನೆಯೆರಡು ಇಸವಿ.

ಕೇರಳದ ಕೆಎಲ್ ನಂಬರಿನ ಕಾರು ಅಗ್ಗಕ್ಕೆ ಸಿಕ್ಕಿದರೆ, ಅದರಲ್ಲೂ ಅಲ್ಲಿ ದೊಡ್ಡ ಪ್ರವಾಹ ಬಂದ 2018ಕ್ಕೆ ಮುಂಚಿನದಾದರೆ, ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ. ಪ್ರವಾಹದಲ್ಲಿ ನಿಂತ ಕಾರಿನ ಸೀಟು, ಕಾರ್ಪೆಟ್ಟು ಎಲ್ಲ ತೊಳೆದಿರುತ್ತಾರೆ, ಬೆಲ್ಟಿನ ಸುರುಳಿಯ ಒಳಗಿನ ಮಣ್ಣಿನ ಗೆರೆ ಹಾಗೇ ಉಳಿದಿರುತ್ತದೆ. ಸೀಟಿನ ಹಳಿಯ ಬೋಲ್ಟಿನಲ್ಲಿ ತುಕ್ಕು, ಸ್ಪೇರ್ ಚಕ್ರದ ತಳದಲ್ಲಿ ಕೆಸರಿನ ಪುಡಿ ಕಂಡರೂ ಅದೇ ಅರ್ಥ. ತೋಟದ ಮನೆಯಲ್ಲಿದ್ದ ಕಾರಾದರೆ ಬಾನೆಟ್ಟಿನ ಒಳಗೆ ಟಾರ್ಚ್ ಬಿಟ್ಟು ವಯರುಗಳನ್ನು ನೋಡಿ. ಇಲಿ ಕಡಿದ ಕಡೆ ಇನ್ಸುಲೇಷನ್ ಟೇಪು ಸುತ್ತಿ ಮುಚ್ಚಿರುತ್ತಾರೆ.

ದೊಡ್ಡ ಸದ್ದಿನ ಎಗ್ಸಾಸ್ಟ್ ಹಾಕಿದ ಕಾರಾದರೆ ಮೂಲದ್ದನ್ನೂ ಕೇಳಿ ಪಡೆಯಿರಿ. ಪೊಲೀಸರು ಹಿಡಿಯುತ್ತಾರೆ ಅನ್ನುವುದು ಒಂದು ಕಡೆ. ತಿತಿಮತಿ ರಸ್ತೆಯಲ್ಲಿ ಸಂಜೆ ಆನೆ ಎದುರಾದಾಗ ಆ ಸದ್ದು ಯಾರಿಗೂ ಬೇಡ.

ಕಾಗದಪತ್ರ: ಹೊರರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರ್ಮ್ 28, ಹೆಸರು ಬದಲಾವಣೆಗೆ 29 ಮತ್ತು 30, ಸಾಲ ಇದ್ದದ್ದಾದರೆ ಬ್ಯಾಂಕಿನ ಸಹಿಯ 35. ಕೆಎ 12 ನಂಬರ್ ಬೇಕಾದರೆ ಕರ್ನಾಟಕದ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು. ವಿಆರ್‌ಎಸ್‌ನಂಥ ಬೆಲೆಯ ಕಾರಿಗೆ ಆ ಮೊತ್ತ ಸಣ್ಣದಲ್ಲ, ಬೆಲೆ ಚೌಕಾಸಿಗೆ ಕೂರುವ ಮೊದಲೇ ಲೆಕ್ಕ ಹಾಕಿಸಿ. ಇನ್ಶೂರೆನ್ಸ್ ಹೆಸರಿಗೆ 14 ದಿನದ ಒಳಗೆ ಅರ್ಜಿ ಹಾಕಬೇಕು. ಮಾರಿದವರ ನೋ ಕ್ಲೈಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ.

ಒಂದೇ ಕಾರು, ದಿನಾ ಓಡಬೇಕು, ಮನೆಯವರೆಲ್ಲ ಓಡಿಸುತ್ತಾರೆ ಅಂದರೆ ನಮ್ಮ ಓಟು 1.0 ಟಿಎಸ್‌ಐ ಪೋಲೊ ಜಿಟಿಗೆ. ಕೊಂಡ ವಾರವೇ ಎಂಜಿನ್ನಿನ ಅಡಿಗೆ ಕಬ್ಬಿಣದ ಸಂಪ್ ಗಾರ್ಡ್ ಹಾಕಿಸಿ. ಕಂಪನಿ ಕೊಟ್ಟ ಪ್ಲಾಸ್ಟಿಕ್ ತಟ್ಟೆ ದೂಳಿಗೆ ಮಾತ್ರ ಅಡ್ಡ. ಹಾಕಿಸುವಾಗ ಆಯಿಲ್ ಡ್ರೈನ್ ಬೋಲ್ಟಿನ ನೇರಕ್ಕೆ ತೂತು ಇಡಲು ಹೇಳಿ, ಇಲ್ಲವಾದರೆ ಪ್ರತಿ ಸರ್ವಿಸಿಗೂ ಗಾರ್ಡ್ ಬಿಚ್ಚಬೇಕಾಗುತ್ತದೆ.