ಸೈಗಾನ್‌ನ ಬೀದಿ ಹೆಸರುಗಳ ನಡಿಗೆ: ಮೊದಲರ್ಧಕ್ಕೆ ಪೂರ್ತಿ ಮಾರ್ಕು, ಉಳಿದದ್ದಕ್ಕೆ ಪಾಸ್ ಮಾರ್ಕು

ವಿಯೆಟ್ನಾಮಿನ ಸೈಗಾನ್, ಅಂದರೆ ಈಗಿನ ಹೋ ಚಿ ಮಿನ್ ಸಿಟಿಯಲ್ಲಿ ನಡಿಗೆ ಟೂರುಗಳಿಗೆ ಬರವಿಲ್ಲ. ಬಹಳಷ್ಟು ತಿಂಡಿ ಟೂರುಗಳು, ಇನ್ನು ಕೆಲವು ಯುದ್ಧದ ಟೂರುಗಳು. ನಾನು ಬುಕ್ ಮಾಡಿದ್ದು ಇವೆರಡೂ ಅಲ್ಲದ್ದು. ಊರ ನಡುಮಧ್ಯದ ಡಿಸ್ಟ್ರಿಕ್ಟ್ 1ರ ಬೀದಿಗಳಿಗೆ ಯಾರ್ಯಾರು ಯಾವಾಗ ಏನೇನು ಹೆಸರಿಟ್ಟರು ಅಂತ ಹೇಳುತ್ತಾ ಸುತ್ತಾಡಿಸುವ ಟೂರು. ಬೆಳಿಗ್ಗೆ ಎಂಟಕ್ಕೆ ಶುರು, ಹನ್ನೊಂದೂವರೆಗೆ ಮುಕ್ತಾಯ. ತಲೆಗೆ 6 ಲಕ್ಷ ಡಾಂಗ್, ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿ ಆಸುಪಾಸು. ಒಂದು ಕಾಫಿ ಸೇರಿದೆ, ಊಟ ಇಲ್ಲ. ಇದೇ ದಾರಿಯಲ್ಲಿ ಹಲವರು ಟೂರು ನಡೆಸುತ್ತಾರೆ, ಹಾಗಾಗಿ ನಾನು ದಾರಿಯ ಬಗ್ಗೆ ಜಾಸ್ತಿ ಬರೆಯುತ್ತೇನೆ, ಕಂಪನಿಯ ಬಗ್ಗೆ ಕಡಿಮೆ.

ನಾನು ಶಿವಮೊಗ್ಗ ಕಡೆಯವನು, ಅಂಚೆ ಇಲಾಖೆಯಲ್ಲಿ ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತನಾದವನು. ವಿಳಾಸ ಅಂದರೆ ನನಗೆ ಸ್ವಲ್ಪ ಹುಚ್ಚು. ಆ ಪಕ್ಷಪಾತ ಈ ಬರಹದಲ್ಲಿ ಇದೆ. ಜೊತೆಗೆ ಬಂದ ನನ್ನ ಹೆಂಡತಿಯ ಮಾರ್ಕು ಬೇರೆ, ಅದನ್ನೂ ಕೆಳಗೆ ಹೇಳಿದ್ದೇನೆ.

ಒಪೆರಾ ಹೌಸ್ ಮೆಟ್ಟಿಲ ಹತ್ತಿರ ಎಲ್ಲರೂ ಸೇರಬೇಕು. 1900ರಲ್ಲಿ ತೆರೆದ ಕಟ್ಟಡ ಅದು. ದಕ್ಷಿಣ ವಿಯೆಟ್ನಾಂ ಬೇರೆ ದೇಶವಾಗಿದ್ದ ಕಾಲದಲ್ಲಿ ಅಲ್ಲಿ ಸಂಸತ್ತು ಕೂರುತ್ತಿತ್ತು, 1975ರ ನಂತರ ಮತ್ತೆ ರಂಗಮಂದಿರವಾಯಿತು. ಎದುರಿಗೆ ಹಾದುಹೋಗುವ ಬೀದಿ ಡೊಂಗ್ ಖೋಯ್. ಗೈಡ್ ಹುಡುಗಿ ಚೀಲದಿಂದ ಲ್ಯಾಮಿನೇಟ್ ಮಾಡಿದ ಮೂರು ಫೋಟೋ ತೆಗೆದಳು. ಬೀದಿ ಅದೇ, ಕಾಲ ಬೇರೆ, ಹೆಸರೂ ಬೇರೆ. ಫ್ರೆಂಚರ ಕಾಲಕ್ಕೆ ರೂ ಕತಿನಾ. 1950ರ ದಶಕದ ನಡುವೆ ಫ್ರೆಂಚರು ಹೊರಟಾಗ ತು ಯೊ, ಅಂದರೆ ಸ್ವಾತಂತ್ರ್ಯ. 1975ರಲ್ಲಿ ಉತ್ತರದವರು ಗೆದ್ದ ಮೇಲೆ ಡೊಂಗ್ ಖೋಯ್, ಅಂದರೆ ಎಲ್ಲರೂ ಒಟ್ಟಿಗೆ ದಂಗೆ ಏಳುವುದು.

ಕತಿನಾ ಯಾರು ಅಂತ ಕೇಳಿದೆ. ಅದಕ್ಕೂ ಅವಳ ಹತ್ತಿರ ಉತ್ತರ ಇತ್ತು. ಹೆಸರು ಫ್ರಾನ್ಸಿನ ಒಬ್ಬ ಹಳೇ ಮಾರ್ಷಲ್‌ನದು. ಆದರೆ ಬೀದಿಗೆ ಬಂದದ್ದು ಅವನ ಹೆಸರಿನ ಯುದ್ಧನೌಕೆಯಿಂದ. ಆ ಹಡಗು 1856ರಲ್ಲಿ ಈಗಿನ ದಾ ನಾಂಗ್ ಬಂದರಿನ ಕೋಟೆಗಳ ಮೇಲೆ ಗುಂಡು ಹಾರಿಸಿತ್ತು. 1859ರಲ್ಲಿ ಫ್ರೆಂಚರು ಸೈಗಾನ್ ಹಿಡಿದರು. ಶುರುವಿಗೆ ಬೀದಿಗಳಿಗೆ ಬರೀ ನಂಬರ್ ಕೊಟ್ಟಿದ್ದರು. 1865ರಲ್ಲಿ ಗವರ್ನರ್ ಲಾ ಗ್ರಾಂಡಿಯೇರ್ ಹೆಸರಿಡಿಸಿದ. ತಮ್ಮ ಅಡ್ಮಿರಲ್‌ಗಳು, ತಮ್ಮ ಹಡಗುಗಳು. ಮುಂದೆ ಅವನ ಹೆಸರಿಗೂ ಒಂದು ಬೀದಿ ಆಯಿತು.

ಅಲ್ಲಿಂದ ನುಯೆನ್ ಹ್ವೆ ಬೀದಿ. ಈಗ ಅಗಲವಾದ ನಡಿಗೆ ರಸ್ತೆ, 2015ರಲ್ಲಿ ಹಾಗೆ ಮಾಡಿದ್ದು. ಸಂಜೆ ಹೊತ್ತು ಜಾತ್ರೆ. ಮೊದಲು ಇದು ನದಿಯಿಂದ ಒಳಗೆ ಬರುವ ಕಾಲುವೆಯಾಗಿತ್ತು, ದೋಣಿಗಳು ಮಾರುಕಟ್ಟೆವರೆಗೆ ಬರುತ್ತಿದ್ದವು. 1887ರಲ್ಲಿ ಫ್ರೆಂಚರು ಮುಚ್ಚಿ ಬುಲೆವಾರ್ ಷಾರ್ನೆ ಅಂತ ಇನ್ನೊಬ್ಬ ಅಡ್ಮಿರಲ್ ಹೆಸರಿಟ್ಟರು. ಜನ ಮಾತ್ರ ಅದನ್ನು ಕಿನ್ ಲಾಪ್ ಅನ್ನುತ್ತಿದ್ದರಂತೆ, ಮುಚ್ಚಿದ ಕಾಲುವೆ ಅಂತ. ಸರಕಾರ ಒಂದು ಹೆಸರು ಬರೆಯುತ್ತದೆ, ಬೀಟ್ ಪೋಸ್ಟ್‌ಮನ್‌ಗೆ ಇನ್ನೊಂದು ಗೊತ್ತಿರುತ್ತದೆ. ಬೆಂಗಳೂರಿನ ಸೌತ್ ಪರೇಡ್ 1948ರಲ್ಲಿ ಎಂಜಿ ರೋಡ್ ಆಯಿತು. ಹಳಬರ ಬಾಯಲ್ಲಿ ಅದು ತಕ್ಷಣ ಹೋಯಿತಾ?

ಟೂರಿನ ಅತ್ಯುತ್ತಮ ಹತ್ತು ನಿಮಿಷ ಇಲ್ಲೇ ಸಿಕ್ಕಿತು. ನುಯೆನ್ ಹ್ವೆ ಅಂದರೆ 18ನೇ ಶತಮಾನದ ಕೊನೆಗೆ ರೈತರ ದಂಗೆಯಿಂದ ಮೇಲೆದ್ದ ತೇ ಸೊನ್ ಮನೆತನದ ದೊರೆ. ಅವನ ಕಡು ವೈರಿ ನುಯೆನ್ ಆನ್. ಇವನು 1790ರಲ್ಲಿ ಫ್ರೆಂಚ್ ಎಂಜಿನಿಯರ್ ನೆರವಿನಿಂದ ಸೈಗಾನ್‌ನಲ್ಲಿ ಕೋಟೆ ಕಟ್ಟಿದ, 1802ರಲ್ಲಿ ಇಡೀ ದೇಶ ಗೆದ್ದು ಯಾ ಲಾಂಗ್ ಅಂತ ಹೆಸರಿಟ್ಟುಕೊಂಡು ಚಕ್ರವರ್ತಿಯಾದ. ವೈರಿ ಸತ್ತು ವರ್ಷಗಳಾಗಿದ್ದರೂ ಬಿಡದೆ ಗೋರಿ ಅಗೆಸಿ ಅವಮಾನ ಮಾಡಿದ. ದಕ್ಷಿಣದ ಸರಕಾರ ಈ ಇಬ್ಬರಿಗೂ ಹತ್ತಿರ ಹತ್ತಿರವೇ ಒಂದೊಂದು ಬೀದಿ ಕೊಟ್ಟಿತ್ತು. ಯಾ ಲಾಂಗ್‌ಗೆ ಸಿಕ್ಕಿದ್ದು ಹಳೇ ಲಾ ಗ್ರಾಂಡಿಯೇರ್ ಬೀದಿ. 1975ರ ನಂತರ ಹೊಸ ಸರಕಾರ ಲೆಕ್ಕ ನೋಡಿತು. ನುಯೆನ್ ಹ್ವೆ ರೈತರ ದಂಗೆಯ ವೀರ, ಇರಲಿ. ಯಾ ಲಾಂಗ್ ಫ್ರೆಂಚರ ನೆರವು ಪಡೆದವನು, ಬೇಡ. ಅವನ ಬೀದಿಗೆ ಫ್ರೆಂಚರು ಕೊಂದ ಯುವ ಕ್ರಾಂತಿಕಾರಿ ಲಿ ತು ಚೊಂಗ್ ಹೆಸರು ಬಂತು. ಹೆಲಿಕಾಪ್ಟರ್ ಹತ್ತಲು ಮಹಡಿ ಮೇಲೆ ಜನ ಸಾಲು ನಿಂತಿರುವ 1975ರ ಪ್ರಸಿದ್ಧ ಫೋಟೋ ನೋಡಿದ್ದೀರಲ್ವಾ? ಆ ಕಟ್ಟಡ ಇದೇ ಬೀದಿಯ 22ನೇ ನಂಬರ್. ಫೋಟೋ ತೆಗೆದಾಗ ಅದು ಯಾ ಲಾಂಗ್ ಬೀದಿಯಾಗಿತ್ತು.

ಕಾಫಿ ನಿಲ್ದಾಣ ನುಯೆನ್ ಹ್ವೆಯ 42ನೇ ನಂಬರಿನ ಹಳೇ ಅಪಾರ್ಟ್‌ಮೆಂಟಿನಲ್ಲಿ. ಮನೆಗಳೆಲ್ಲ ಕೆಫೆಗಳಾಗಿವೆ. ಮಂದಗೊಳಿಸಿದ ಹಾಲು, ಐಸು, ಕಡು ಕಾಫಿ. ಚೆನ್ನಾಗಿತ್ತು, ನನಗೆ ಸಿಹಿ ಜಾಸ್ತಿ.

ಆಮೇಲೆ ಸೆಂಟ್ರಲ್ ಪೋಸ್ಟ್ ಆಫೀಸು. ಇಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು. 1886ರಿಂದ 1891ರ ನಡುವೆ ಕಟ್ಟಿದ, ಇವತ್ತಿಗೂ ಸ್ಟಾಂಪ್ ಮಾರುವ ಅಂಚೆ ಕಚೇರಿ. ಕಮಾನಿನ ಸೂರು, ಕಬ್ಬಿಣದ ಕಂಬ, ಮರದ ಕೌಂಟರು, ಹಳೇ ಟೆಲಿಫೋನ್ ಗೂಡುಗಳು. ಎರಡು ಗೋಡೆ ಮೇಲೆ ಬಣ್ಣದಲ್ಲಿ ಬರೆದ ದೊಡ್ಡ ನಕ್ಷೆಗಳು, ಒಂದು 1892ರ ಸೈಗಾನ್ ಮತ್ತು ಸುತ್ತಮುತ್ತ, ಇನ್ನೊಂದು ದಕ್ಷಿಣ ವಿಯೆಟ್ನಾಂ ಮತ್ತು ಕಾಂಬೋಡಿಯಾದ 1936ರ ತಂತಿ ಮಾರ್ಗಗಳದ್ದು. ಹೆಸರುಗಳ ಟೂರು ಅಂತ ದುಡ್ಡು ತೆಗೆದುಕೊಂಡವರು ಆ 1892ರ ನಕ್ಷೆ ಮುಂದೆ ಅರ್ಧ ಗಂಟೆ ನಿಲ್ಲಿಸಬೇಕು. ನಮಗೆ ಸಿಕ್ಕಿದ್ದು "ಫೋಟೋ ತೆಗೆದುಕೊಳ್ಳಿ, ಹತ್ತು ನಿಮಿಷದಲ್ಲಿ ಹೊರಗೆ ಸೇರೋಣ". ಸಾಲದ್ದಕ್ಕೆ ಕಟ್ಟಡ ಐಫೆಲ್ ವಿನ್ಯಾಸ ಅಂದಳು. ಐಫೆಲ್ ಟವರಿನ ಹೆಸರಿಗೆ ಪ್ರವಾಸಿಗಳು ಸಂತೋಷಪಡುತ್ತಾರೆ, ಸರಿ. ವಿನ್ಯಾಸ ಮಾಡಿದವನು ಆಲ್ಫ್ರೆಡ್ ಫುಲೂ ಅನ್ನುವ ವಾಸ್ತುಶಿಲ್ಪಿ.

ಜುಯೊಂಗ್ ವಾನ್ ನೊ ಅವರ ಬಗ್ಗೆಯೂ ಒಂದು ಮಾತಿಲ್ಲ. ಆ ಪುಣ್ಯಾತ್ಮ ಇದೇ ಕಚೇರಿಯಲ್ಲಿ ದುಡಿದು, ನಿವೃತ್ತಿಯಾದ ಮೇಲೂ ಒಳಗಿನ ಮೇಜಿಗೆ ಬಂದು ಕೂರುತ್ತಿದ್ದರು. ಫ್ರೆಂಚ್, ಇಂಗ್ಲಿಷ್ ಬಾರದವರಿಗೆ ದಶಕಗಳ ಕಾಲ ಪತ್ರ ಬರೆದುಕೊಟ್ಟರು. 2023ರಲ್ಲಿ ತೀರಿಕೊಂಡರು. ನಾನು ಗುಂಪು ಬಿಟ್ಟು ಒಂದು ಕಾರ್ಡ್ ಕೊಂಡು ನನ್ನ ವಿಳಾಸಕ್ಕೇ ಹಾಕಿದೆ. ಕೌಂಟರಿನ ಹೆಂಗಸು ಮುದ್ರೆ ಒತ್ತಿದ ರೀತಿ ನೋಡಿದೆ. ಕೈ ಪಳಗಿದ್ದು.

ಎದುರಿನ ಕೆಥೆಡ್ರಲ್ 2017ರಿಂದ ರಿಪೇರಿಯಲ್ಲಿದೆ, ಹೊರಗಿಂದ ನೋಡಿ ಮುಂದೆ ನಡೆಯಿರಿ. ಚೌಕದ ಹೆಸರು ಮಾತ್ರ ಗಮನಿಸಿ: ಪ್ಯಾರಿಸ್ ಕಮ್ಯೂನ್ ಚೌಕ. ಫ್ರೆಂಚರನ್ನು ಓಡಿಸಿದವರೂ 1871ರ ಪ್ಯಾರಿಸ್ ದಂಗೆಯನ್ನು ಬಿಟ್ಟುಕೊಡಲಿಲ್ಲ. ಹತ್ತಿರದಲ್ಲೇ ಅಲೆಕ್ಸಾಂಡ್ರ್ ದ ರೋಡ್ ಬೀದಿ. 1651ರಲ್ಲಿ ರೋಮಿನಲ್ಲಿ ವಿಯೆಟ್ನಾಮೀಸ್ ನಿಘಂಟು ಅಚ್ಚು ಹಾಕಿಸಿದ ಪಾದ್ರಿ ಇವನು. 1980ರ ದಶಕದಲ್ಲಿ ಅವನ ಹೆಸರು ತೆಗೆದರು, 1990ರ ದಶಕದಲ್ಲಿ ವಾಪಸ್ ಹಾಕಿದರು. ಪಾಶ್ಚರ್ ಬೀದಿಗೂ ಹೀಗೆಯೇ ಆಯಿತು, ಹೋಗಿ 1991ರಲ್ಲಿ ಮರಳಿತು. ನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವನ ಮೇಲೆ ಎಷ್ಟು ದಿನ ಮುನಿಸಿಕೊಳ್ಳೋದು?

ದಕ್ಷಿಣ ವಿಯೆಟ್ನಾಂ ಅಧ್ಯಕ್ಷರಿದ್ದ ಅರಮನೆ ಎದುರಿನ ನಾಮ್ ಕಿ ಖೊಯ್ ನಿಯಾ ಬೀದಿಯಲ್ಲಿ ಅವಳು ಊರಲ್ಲಿ ಓಡಾಡುತ್ತಿದ್ದ ಒಂದು ಹಳೇ ಜೋಡಿಸಾಲು ಹೇಳಿದಳು. 1940ರ ದಕ್ಷಿಣದ ದಂಗೆಯ ಹೆಸರು ಈ ಬೀದಿಗೆ. ಅದಕ್ಕೂ ಮೊದಲು ಕೊಂಗ್ ಲಿ ಅಂತಿತ್ತು, ಅಂದರೆ ನ್ಯಾಯ. ಎರಡು ಬೀದಿಯ ಹಳೇ ಹೊಸ ಹೆಸರು ಸೇರಿಸಿ ಜನ ಕಟ್ಟಿದ ಸಾಲು ಕನ್ನಡದಲ್ಲಿ ಹೀಗಾದೀತು: ದಕ್ಷಿಣ ದಂಗೆ ಎದ್ದು ನ್ಯಾಯ ಹೋಯಿತು, ಎಲ್ಲರೂ ದಂಗೆ ಎದ್ದು ಸ್ವಾತಂತ್ರ್ಯ ಹೋಯಿತು. ಹೇಳಿ ಅವಳು ನಕ್ಕಳು, ವಿವರಿಸಲಿಲ್ಲ.

ಇನ್ನು ಡಿಸ್ಟ್ರಿಕ್ಟ್ 1. ಅದು ಈಗ ಕಾಗದದ ಮೇಲೆ ಇಲ್ಲ. 2025ರ ಜುಲೈ 1ರಂದು ವಿಯೆಟ್ನಾಂ ಡಿಸ್ಟ್ರಿಕ್ಟ್ ಮಟ್ಟವನ್ನೇ ರದ್ದು ಮಾಡಿತು. ಅದೇ ದಿನ ಪಕ್ಕದ ಎರಡು ಪ್ರಾಂತ್ಯಗಳನ್ನು ಹೋ ಚಿ ಮಿನ್ ಸಿಟಿಗೆ ಸೇರಿಸಿದರು. ಡಿಸ್ಟ್ರಿಕ್ಟ್ 1ರ ಹತ್ತು ವಾರ್ಡುಗಳು ನಾಲ್ಕಾದವು: ಸೈಗಾನ್, ಬೆನ್ ಥಾನ್, ತಾನ್ ದಿನ್, ಕೌ ಓಂಗ್ ಲಾನ್. 1976ರ ಜುಲೈನಲ್ಲಿ ಅಧಿಕೃತವಾಗಿ ಅಳಿಸಿದ್ದ ಸೈಗಾನ್ ಎಂಬ ಹೆಸರು ಮತ್ತೆ ಸರಕಾರಿ ವಿಳಾಸಕ್ಕೆ ಬಂತು, ಮೂರು ಚದರ ಕಿಲೋಮೀಟರ್ ಆಸುಪಾಸಿನ ಒಂದು ವಾರ್ಡಿಗೆ. ತಮಾಷೆ ಅಂದರೆ, ಹಳೇ ಕಾಲದಲ್ಲಿ ಈ ಜಾಗದ ಹೆಸರು ಬೆನ್ ನ್ಯೆ. ಆಗ ಸೈಗಾನ್ ಅಂದರೆ ಚೀನೀ ವ್ಯಾಪಾರಿಗಳಿದ್ದ ಪಶ್ಚಿಮದ ಕಡೆ, ಈಗಿನ ಚೊ ಲೊನ್. ಫ್ರೆಂಚರ ಕೈಯಲ್ಲಿ ಹೆಸರು ಇತ್ತ ಸರಿಯಿತು. ಈ ಸಲ ಬೆನ್ ನ್ಯೆ ವಾರ್ಡು ಹೋಗಿ ಸೈಗಾನ್ ವಾರ್ಡು ಬಂದಿದೆ.

ನನ್ನಂಥವನಿಗೆ ಇನ್ನೂ ರುಚಿಯ ವಿಷಯ ಡಿಸ್ಟ್ರಿಕ್ಟ್ 2. ಹಳೇ ಡಿಸ್ಟ್ರಿಕ್ಟ್ 2 ಇದ್ದದ್ದು ಬೆನ್ ಥಾನ್ ಕಡೆ, 1976ರಲ್ಲಿ ಅದನ್ನು 1ಕ್ಕೆ ಸೇರಿಸಿದರು. ನಂಬರ್ ಖಾಲಿ ಬಿತ್ತು. 1997ರಲ್ಲಿ ನದಿಯ ಆಚೆ ಹೊಸ ಡಿಸ್ಟ್ರಿಕ್ಟ್ 2 ಹುಟ್ಟಿತು, 2021ರಲ್ಲಿ ಅದೂ ಥು ಡುಕ್ ಎಂಬ ಹೊಸ ಆಡಳಿತ ಘಟಕದಲ್ಲಿ ಕರಗಿತು. ಒಂದೇ ನಂಬರ್, ಎರಡು ದಡ. 1970ರ ಲಕೋಟೆಯನ್ನೂ 2000ದ ಲಕೋಟೆಯನ್ನೂ ಒಂದೇ ಗೂಡಿಗೆ ಹಾಕಿದ ಸಾರ್ಟರ್ ಕೆಟ್ಟ. ಇದನ್ನು ಟೂರಿನಲ್ಲಿ ಹೇಳುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ. ಕೇಳಿ. ಮನೆ ನಂಬರುಗಳಲ್ಲಿನ ಓರೆಗೆರೆಗಳ ಬಗ್ಗೆಯೂ ಕೇಳಿ. 45/12 ಅಂದರೆ 45ನೇ ನಂಬರಿನ ಓಣಿಯೊಳಗೆ 12ನೇ ಮನೆ. ಓಣಿಯೊಳಗೆ ಓಣಿ ಇದ್ದರೆ ಇನ್ನೊಂದು ಗೆರೆ.

ದ್ವಿತೀಯಾರ್ಧ ಬೆನ್ ಥಾನ್ ಮಾರುಕಟ್ಟೆ. 1914ರಲ್ಲಿ ಜೌಗು ನೆಲ ತುಂಬಿಸಿ ಕಟ್ಟಿದ್ದು. ಒಳಗೆ ಬಿಟ್ಟು ಒಂದು ಗಂಟೆ ಸುಮ್ನೆ ಕಳೆದರು. ಟೀ ಶರ್ಟು, ಮ್ಯಾಗ್ನೆಟ್ಟು, ತೋಳು ಹಿಡಿದು ಎಳೆಯುವವರು. ಆ ಗಂಟೆಯಲ್ಲಿ ಎರಡು ಜಾಗ ತೋರಿಸಬಹುದಿತ್ತು. ಒಂದು, ಒಪೆರಾ ಹಿಂದಿನ ಡೊಂಗ್ ಯು ಬೀದಿಯಲ್ಲಿ 1930ರ ದಶಕದಲ್ಲಿ ದಕ್ಷಿಣ ಭಾರತದ ಮುಸ್ಲಿಮರು ಕಟ್ಟಿದ ಮಸೀದಿ. ಇನ್ನೊಂದು, ಮಾರುಕಟ್ಟೆಗೆ ಹತ್ತಿರದ ಚುಯೊಂಗ್ ದಿನ್ ಬೀದಿಯ ಮಾರಿಯಮ್ಮನ ಗುಡಿ. ಫ್ರೆಂಚರ ಕಾಲಕ್ಕೆ ಚೆಟ್ಟಿಯಾರರು ಇಲ್ಲಿ ಸಾಲದ ವ್ಯವಹಾರ ಮಾಡುತ್ತಿದ್ದರು, ಆ ತಮಿಳರ ಗುರುತು ಇದು. ಟೂರು ಮುಗಿದ ಮೇಲೆ ನಾವೇ ಹೋದೆವು. ಈಗ ಪೂಜೆಗೆ ಬರುವವರಲ್ಲಿ ವಿಯೆಟ್ನಾಮಿನವರೇ ಜಾಸ್ತಿ. ಊದುಬತ್ತಿ ಹಿಡಿದು ಗೋಡೆಗೆ ಹಣೆ ಒತ್ತಿ ಬೇಡಿಕೊಳ್ಳುತ್ತಾರೆ.

ಹೆಂಡತಿಯ ಮಾರ್ಕು ಐದಕ್ಕೆ ಎರಡೂವರೆ. ಕಾರಣ ಬಿಸಿಲು, ಮೂರೂವರೆ ಗಂಟೆಯ ನಡಿಗೆಯಲ್ಲಿ ಒಂದೇ ಟಾಯ್ಲೆಟ್ ನಿಲ್ದಾಣ, ಮತ್ತು "ವೆಜ್ ಸಿಗುತ್ತದೆ" ಅಂದ ಅಂಗಡಿಯಲ್ಲಿ ತರಕಾರಿ ನೂಡಲ್ಸಿಗೆ ಮೀನಿನ ಸಾಸ್ ಸುರಿದದ್ದು. ನಮ್ಮ ಕಡೆಯ ಸಸ್ಯಾಹಾರಿಗಳು ವೆಜ್ ಅನ್ನಬೇಡಿ. "ಆನ್ ಚಾಯ್" ಅನ್ನಿ, ಬೋರ್ಡಿನಲ್ಲಿ ಚಾಯ್ ಅಂತ ಇರುವ ಅಂಗಡಿಗೆ ಹೋಗಿ. ಬೌದ್ಧರ ಶುದ್ಧ ಸಸ್ಯಾಹಾರ ಅದು, ಮೊಟ್ಟೆ ಬೇಡವಾದರೆ ಅದನ್ನೊಂದು ಬೇರೆ ಹೇಳಿ.

ನನ್ನ ಮಾರ್ಕು ನಾಲ್ಕು. ಬುಕ್ ಮಾಡುವಾಗಲೇ ಮಾರುಕಟ್ಟೆ ಬಿಟ್ಟು ಆ ಹೊತ್ತನ್ನು ಪೋಸ್ಟ್ ಆಫೀಸಿಗೆ ಕೊಡಿ ಅಂತ ಬರೆದು ಕೇಳಿ, ನಾಲ್ಕೈದು ಜನರ ಖಾಸಗಿ ಗುಂಪಾದರೆ ಒಪ್ಪುತ್ತಾರಂತೆ. ಮೇಯಿಂದ ನವೆಂಬರ್ ಮಳೆಗಾಲ, ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಆಗ ಹೋಗುವವರು ಬೆಳಗಿನ ಬ್ಯಾಚನ್ನೇ ಹಿಡಿಯಿರಿ.