ಫೋರ್‌ವೀಲ್ ದೀಪದ ಸ್ವಿಚ್: ಹಳೆಯ ಪಿಕಪ್‌ನಲ್ಲಿ ಮಳೆಗಾಲಗಳನ್ನು ಕಂಡ ಮೇಲೆ ಬರೆದ ವಿಮರ್ಶೆ

ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸಿಗೆ ತಿರುಗಿಸಿ ಕೂರಿಸುವ, ಹೆಬ್ಬೆರಳಿನಷ್ಟೇ ಇರುವ ಒಂದು ಸ್ವಿಚ್ಚಿಗೆ ಇಷ್ಟುದ್ದದ ವಿಮರ್ಶೆ ಬೇಕೇ ಎಂದು ಕೇಳುವವರು ಆರಿದ್ರಾ ಮಳೆಯಲ್ಲಿ ಮೂಡಿಗೆರೆ ಕಡೆಯ ಕಾಫಿ ತೋಟದೊಳಗೆ ಲೋಡು ಹೇರಿದ ಗಾಡಿಯನ್ನು ಇಳಿಸಿ ನೋಡಿದವರಾಗಿರಲಾರರು. ನಮ್ಮಲ್ಲಿರುವುದು ಹಳೆಯ ಡಬಲ್ ಕ್ಯಾಬಿನ್ ಪಿಕಪ್. ಗೇರ್ ಲಿವರಿನ ಪಕ್ಕದಲ್ಲೇ 2ಎಚ್ (ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬಲ), 4ಎಚ್ (ನಾಲ್ಕೂ ಚಕ್ರಗಳಿಗೆ ಬಲ, ಅಂದರೆ ಫೋರ್‌ವೀಲ್), 4ಎಲ್ (ನಾಲ್ಕೂ ಚಕ್ರಗಳಿಗೆ, ನಿಧಾನದ ಗೇರಿನಲ್ಲಿ) ಎಂದು ಬದಲಿಸುವ ಗಿಡ್ಡ ಲಿವರ್ ಇದೆ. ಮುಂದಿನ ಚಕ್ರಗಳಲ್ಲಿ ಕೈಯಿಂದ ತಿರುಗಿಸಿ ಲಾಕ್ ಮಾಡುವ ಹಬ್‌ಗಳಿವೆ; ಲಾಕ್ ಮಾಡಿದರಷ್ಟೇ ಆ ಚಕ್ರಗಳು ಆಕ್ಸಲ್ಲಿಗೆ ಕೂಡಿಕೊಳ್ಳುತ್ತವೆ. ಎಂಜಿನ್, ಮೈಲೇಜು, ಹೊರುವ ತೂಕ ಇವುಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಮಾತೆಲ್ಲ ಫೋರ್‌ವೀಲ್ ಹಾಕಿದಾಗ ಮೀಟರ್ ಬೋರ್ಡಿನಲ್ಲಿ ಹತ್ತುವ ಹಸಿರು ದೀಪ ಮತ್ತು ಅದನ್ನು ಮತ್ತೆ ಹತ್ತಿಸಿದ ಬದಲಿ ಸ್ವಿಚ್ಚಿನ ಬಗ್ಗೆ ಮಾತ್ರ.

ಗಾಡಿ ಹೊಸದಾಗಿದ್ದಾಗ ಈ ದೀಪ ಇಲ್ಲದಿದ್ದರೂ ನಡೆಯುತ್ತದೆ, ಏಕೆಂದರೆ ಲಿವರ್ ಎಲ್ಲಿ ಕೂತಿದೆ ಎಂಬುದು ಕೈಗೇ ತಿಳಿಯುತ್ತದೆ. ವರ್ಷಗಳು ಕಳೆದಂತೆ ಲಿವರಿನ ಬುಷ್ ಸವೆದು, ಅದರ ತುದಿಯ ಹಿಡಿಗುಬ್ಬಿಯ ಮೇಲಿನ ಅಕ್ಷರಗಳು ಅಳಿಸಿ, ಯಾವ ಸ್ಥಾನದಲ್ಲಿದ್ದರೂ ಅದು ಅಲ್ಲಾಡುತ್ತಲೇ ಇರುತ್ತದೆ. ಒಳಗಿನ ಹಲ್ಲುಗಳು ಒಂದಕ್ಕೊಂದು ಹೊಂದದೆ ನಿಂತಾಗ ಲಿವರ್ ಅರ್ಧಕ್ಕೇ ತಡೆದು, ಗಾಡಿ ಒಂದೆರಡು ಅಡಿ ಉರುಳಿದ ಮೇಲಷ್ಟೇ ಒಳಗೆ ಹೋಗಿ ಕೂರುತ್ತದೆ. ಅದು ಕೂತಿತೋ ಇಲ್ಲವೋ ಎಂಬುದನ್ನು ಜಾರುವ ಇಳಿಜಾರಿನ ನಡುವೆ ತಿಳಿದುಕೊಳ್ಳುವುದಕ್ಕಿಂತ ಮೇಲೆ ಸಮತಟ್ಟಿನಲ್ಲೇ ತಿಳಿದುಕೊಳ್ಳುವುದು ಒಳ್ಳೆಯದು. ಆದರೆ ದೀಪದ ದೊಡ್ಡ ಉಪಯೋಗ ವಾಪಸು ಬರುವಾಗ. ಇಂಥ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕಾಗಿರುವುದರಿಂದ, ಕೆಸರಿನಲ್ಲಿ ಟೈರು ಜಾರಿ ಸರಿಹೋಗುವ ಆ ವ್ಯತ್ಯಾಸ ಒಣ ಡಾಂಬರಿನ ಮೇಲೆ, ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನಲ್ಲೂ ಗೇರುಗಳಲ್ಲೂ ಬಿಗಿತವಾಗಿ ಸೇರಿಕೊಳ್ಳುತ್ತದೆ. ದೀಪ ಕೆಟ್ಟಿದ್ದ ಕಾಲದಲ್ಲಿ ನಮ್ಮ ಡ್ರೈವರ್ ಮಳೆ ಬಿಟ್ಟ ದಿನವೊಂದರಲ್ಲಿ 4ಎಚ್‌ನಲ್ಲೇ ಚಾರ್ಮಾಡಿ ಘಾಟಿ ಇಳಿದು ಬಂದಿದ್ದ. ಸ್ಟೇರಿಂಗ್ ಯಾಕೋ ಬಿಗಿಯಾಗಿದೆ ಎಂದು ಅವನು ದೂರಿದ್ದೂ, ಮುಂದಿನ ಟೈರುಗಳ ಅಂಚು ತರಿದು ಹೋಗಿದ್ದೂ ಒಂದೇ ಕಾರಣಕ್ಕೆ.

ದೀಪ ಒಮ್ಮೆಲೇ ಸತ್ತಿರಲಿಲ್ಲ. ಗುಂಡಿ ಬಿದ್ದ ಕಡೆ ಮಿಣುಕುವುದು, ಹೊಳೆ ದಾಟಿದ ದಿನ ಪೂರ್ತಿ ಸುಮ್ಮನಿರುವುದು, ಬಿಸಿಲು ಕಂಡರೆ ಮತ್ತೆ ಬರುವುದು, ಹೀಗೆ ಕೆಲವು ಕಾಲ ಆಟವಾಡಿ ಕೊನೆಗೆ ಆರಿಹೋಯಿತು. ಪೇಟೆಯ ವರ್ಕ್‌ಶಾಪೊಂದರಲ್ಲಿ ತೋರಿಸಿದರೆ ಮೀಟರ್ ಬೋರ್ಡನ್ನೇ ಇಡಿಯಾಗಿ ಬದಲಿಸಬೇಕು ಎಂದರು. ಹೇಳಿದ ಮೊತ್ತಕ್ಕೆ ತೋಟಕ್ಕೊಂದು ಹೊಸ ಸ್ಪ್ರೇಯರ್ ಬರುತ್ತಿತ್ತು. ಗಾಡಿಯ ಅಡಿಗೆ ಬಗ್ಗಿ ನೋಡುವ ಗೋಜಿಗೂ ಹೋಗದೆ ಇಂಥ ತೀರ್ಪು ಕೊಡುವವರ ಮೇಲೆ ನನಗಿರುವ ಸಿಟ್ಟು ಈ ಬರಹಕ್ಕೆ ಅರ್ಧ ಕಾರಣ. ಏಕೆಂದರೆ ದೋಷ ಮೇಲಿದೆಯೋ ಕೆಳಗಿದೆಯೋ ಎಂದು ತಿಳಿಯುವುದಕ್ಕೆ ಒಂದು ಗೇಣು ವೈರು ಸಾಕು. ಟ್ರಾನ್ಸ್‌ಫರ್ ಕೇಸಿನ ಮೇಲಿರುವ ಸ್ವಿಚ್ಚಿನ ಕನೆಕ್ಟರನ್ನು ಬಿಚ್ಚಿ, ಕೀ ಆನ್ ಮಾಡಿ, ಗಾಡಿಯ ಕಡೆಯಿಂದ ಬಂದ ಎರಡು ವೈರುಗಳ ತುದಿಗಳನ್ನು ಆ ತುಂಡಿನಿಂದ ಜೋಡಿಸಿದಾಗ ದೀಪ ಹತ್ತಿದರೆ ಬಲ್ಬು, ಫ್ಯೂಸು, ಮೇಲಿನ ವೈರಿಂಗ್ ಎಲ್ಲವೂ ಸರಿಯಿವೆ ಎಂದೇ ಅರ್ಥ. ಸ್ವಿಚ್ಚು ಮಾಡುವ ಕೆಲಸವೂ ಅಷ್ಟೇ ಆದ್ದರಿಂದ ಇದರಿಂದ ಏನೂ ಸುಟ್ಟುಹೋಗುವುದಿಲ್ಲ. ನಮ್ಮದರಲ್ಲಿ ದೀಪ ಹತ್ತಿತು. ಕನೆಕ್ಟರಿನೊಳಗೆ ಇಣುಕಿದರೆ ಹಿತ್ತಾಳೆಯ ಟರ್ಮಿನಲ್ಲುಗಳ ಮೇಲೆ ಹಸಿರು ಕಿಲುಬು ಹಿಟ್ಟಿನಂತೆ ಕೂತಿತ್ತು, ಅವುಗಳಲ್ಲೊಂದು ಉಗುರು ತಾಗಿಸಿದ್ದೇ ಮುರಿದು ಕೈಗೆ ಬಂತು.

ಸ್ವಿಚ್ಚಿನ ಒಳಗುಟ್ಟು ಬಹಳ ಸರಳವಾದದ್ದು. ತುದಿಯಲ್ಲಿ ಸ್ಪ್ರಿಂಗಿನ ಮೇಲೆ ಕೂತ ಉಕ್ಕಿನ ಗುಂಡು ಇರುತ್ತದೆ. ಲಿವರ್ ಎಳೆದಾಗ ಕೇಸಿನೊಳಗೆ ಸರಿಯುವ ರಾಡು ಗುಂಡನ್ನು ಒಳಗೆ ಒತ್ತುತ್ತದೆ, ಸಂಪರ್ಕ ಕೂಡುತ್ತದೆ, ದೀಪ ಬರುತ್ತದೆ. ಸಂಪರ್ಕ ಕೂಡಿದರೆ ಬೀಪ್ ಎನ್ನುವ ಮಲ್ಟಿಮೀಟರ್ ಇದ್ದವರು ಅದನ್ನು ಸ್ವಿಚ್ಚಿನ ಎರಡು ತುದಿಗಳಿಗೆ ತಾಗಿಸಿ, 2ಎಚ್‌ನಲ್ಲಿ ಸದ್ದಿಲ್ಲ, 4ಎಚ್‌ನಲ್ಲಿ ಬೀಪ್ ಇದೆ ಎಂಬುದನ್ನು ನೋಡಿಕೊಂಡರೆ ಪರೀಕ್ಷೆ ಮುಗಿಯಿತು.

ಹತ್ತಿರದ ಅಂಗಡಿಯಲ್ಲಿ ₹180ಕ್ಕೆ ಸಿಕ್ಕ ಸ್ವಿಚ್ಚು ದೀಪಾವಳಿಯವರೆಗೂ ಬಾಳಲಿಲ್ಲ. ವೈರು ಹೊರಬರುವ ಕಡೆಯ ರಬ್ಬರು ಬಿರಿದು ಒಳಗೆ ನೀರು ಇಳಿದಿತ್ತು. ಈ ವಿಮರ್ಶೆಯ ಸ್ವಿಚ್ಚು ಅದರ ನಂತರ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ₹640 ಕೊಟ್ಟು ತರಿಸಿದ್ದು. ಹಳೆಯದನ್ನೇ ಅಂಗಡಿಗೆ ಕಳಿಸಿ ಜೋಡಿ ನೋಡಿಸಿದ್ದರಿಂದ ಅನುಕೂಲವಾಯಿತು, ಏಕೆಂದರೆ ತಿರುಪು ಹೊಂದಿದರಷ್ಟೇ ಸಾಲದು, ಗುಂಡು ಹೊರಚಾಚಿರುವ ಉದ್ದವೂ ಹೊಂದಬೇಕು. ಗಿಡ್ಡವಾದರೆ ರಾಡು ಅದನ್ನು ಮುಟ್ಟುವುದೇ ಇಲ್ಲ, ಉದ್ದವಾದರೆ 2ಎಚ್‌ನಲ್ಲೂ ದೀಪ ಆರುವುದಿಲ್ಲ. ಅಡಿಯಲ್ಲಿ ದಪ್ಪ ವಾಷರು ಹಾಕಿದರೂ ಗಿಡ್ಡ ಗುಂಡಿನ ಫಲವೇ.

ಕೂರಿಸುವ ಕೆಲಸದಲ್ಲಿ ಅವಸರ ಮಾಡಬಾರದ ಜಾಗ ಒಂದಿದೆ. ಹಳೆಯದನ್ನು ಬಿಚ್ಚುವ ಮೊದಲು ಅದರ ಸುತ್ತಲಿನ ಮಣ್ಣನ್ನು ಡೀಸೆಲ್ಲಿನಲ್ಲಿ ಅದ್ದಿದ ಬ್ರಶ್ಶಿನಿಂದ ತಿಕ್ಕಿ, ಬಟ್ಟೆಯಿಂದ ಒರೆಸಿ, ತೂತಿನ ಅಂಚು ಬೆಳ್ಳಗೆ ಕಾಣುವವರೆಗೂ ಬಿಡಬಾರದು. ಒಂದು ಹರಳು ಒಳಗೆ ಬಿದ್ದರೂ ಅದು ಗೇರಿನ ಹಲ್ಲಿಗೆ ಹೋಗುತ್ತದೆ. ಹೊಸ ತಾಮ್ರದ ವಾಷರ್ ಹಾಕಿ, ಕೊನೆಯ ಸುತ್ತಿನವರೆಗೂ ಕೈಯಿಂದಲೇ ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಹದವಾಗಿ ಬಿಗಿದರೆ ಸಾಕು. ಕೇಸು ಅಲ್ಯೂಮಿನಿಯಂನದು, ಬಲ ಹಾಕಿದರೆ ತಿರುಪು ಕಿತ್ತು ಹೋಗುತ್ತದೆ. ಕನೆಕ್ಟರಿನೊಳಗೆ ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ, ವೈರನ್ನು ಸುರುಳಿ ಪೈಪಿನೊಳಗೆ ತೂರಿಸಿ, ಸೈಲೆನ್ಸರ್ ಪೈಪಿಗೂ ಪ್ರೊಪೆಲ್ಲರ್ ಶಾಫ್ಟಿಗೂ ದೂರವಾಗಿ ಚಾಸಿಗೆ ಕಟ್ಟಿದೆವು. ಪೈಪು ಶಾಖಕ್ಕಿಂತ ಹೆಚ್ಚಾಗಿ ಇಲಿಗಳಿಗಾಗಿ. ಶೆಡ್ಡಿನಲ್ಲಿ ಗೊಬ್ಬರದ ಚೀಲದ ಪಕ್ಕ ಗಾಡಿ ನಿಲ್ಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದಿನಿಂದ ಈ ದೀಪ ನೋಡುವುದೇ ಒಂದು ಸಂತೋಷವಾಗಿದೆ. ಮಳೆಗಾಲ ಹಿಡಿದರೆ ಹಬ್‌ಗಳನ್ನು ಲಾಕ್ ಮಾಡಿಯೇ ಬಿಡುತ್ತೇವೆ. ಡೀಸೆಲ್ ತುಸು ಹೆಚ್ಚು ಹೋದರೂ ಸುರಿಯುವ ಮಳೆಯಲ್ಲಿ ಇಳಿದು ಕೆಸರು ಮೆತ್ತಿದ ಹಬ್ ತಿರುಗಿಸುವ ಕಷ್ಟ ತಪ್ಪುತ್ತದೆ. ಬೆಳಿಗ್ಗೆ ಕಣದ ಗೇಟು ದಾಟಿ, ತೋಟದ ಕೆಲಸಗಾರರ ಲೈನ್ ಮನೆಗಳ ಹಿಂದಿನ ಇಳಿಜಾರಿಗೆ ಮುಂಚೆ ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ ಲಿವರ್ ಎಳೆದು, ಮೆಲ್ಲಗೆ ಉರುಳಿಸಿದರೆ ಟಕ್ ಎಂದು ಒಳಗೆ ಕೂತ ಸದ್ದಿನ ಜೊತೆಗೇ ಹಸಿರು ಬರುತ್ತದೆ. ಪಕ್ಕದಲ್ಲಿ ಕೂತ, ತೋಟದ ಲೆಕ್ಕ ನೋಡುವ ರೈಟರು ರಸ್ತೆ ಬಿಟ್ಟು ಮೀಟರ್ ಬೋರ್ಡನ್ನೇ ನೋಡುತ್ತಿರುತ್ತಾರೆ. "ಬಂತಾ ಸಾರ್?" ಎಂಬ ಅವರ ಪ್ರಶ್ನೆಗೆ ನಾನು "ಬಂತು, ಹಿಡ್ಕೊಳ್ಳಿ" ಎನ್ನುವುದು ದಿನದ ವಾಡಿಕೆ. ಡಾಂಬರು ರಸ್ತೆಗೆ ಸೇರುವ ಕಡೆ ಲಿವರ್ ಬಿಗಿಹಿಡಿದು ಬಾರದಿದ್ದರೆ ಗಾಡಿಯನ್ನು ನೇರವಾಗಿ ನಾಲ್ಕಾರು ಅಡಿ ಹಿಂದಕ್ಕೆ ಬಿಡುತ್ತೇವೆ. ಬಿಗಿತ ಸಡಿಲಗೊಂಡು ಲಿವರ್ ಸರಿಯುತ್ತದೆ, ದೀಪವೂ ಆರುತ್ತದೆ. ಹೊಸ ಟೈರುಗಳ ಅಂಚು ಈವರೆಗೆ ಸಮನಾಗಿಯೇ ಸವೆಯುತ್ತಿರುವುದಕ್ಕೆ ಈ ಪುಟ್ಟ ದೀಪವೇ ಕಾರಣವೆಂದು ನಾನು ನಂಬಿದ್ದೇನೆ.

ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ದೀಪಕ್ಕೆ ಗೊತ್ತಿರುವುದು ಕೇಸಿನೊಳಗಿನ ರಾಡು ಸರಿದಿದೆ ಎಂಬುದಷ್ಟೇ. ಮುಂದಿನ ಹಬ್ಬು ಫ್ರೀ ಕಡೆಗಿದ್ದರೂ ದೀಪ ಹತ್ತುತ್ತದೆ, ಆದರೆ ಗಾಡಿಯನ್ನು ತಳ್ಳುವುದು ಹಿಂದಿನ ಚಕ್ರಗಳು ಮಾತ್ರ. 4ಎಚ್ ಮತ್ತು 4ಎಲ್ ನಡುವಿನ ನ್ಯೂಟ್ರಲ್ಲಿನಲ್ಲಿ ಲಿವರ್ ನಿಂತುಬಿಟ್ಟರೂ ನಮ್ಮ ಗಾಡಿಯಲ್ಲಿ ಹಸಿರು ಹತ್ತಿಯೇ ಇರುತ್ತದೆ. ಆ ಸ್ಥಿತಿಯಲ್ಲಿ ಎಂಜಿನ್ನಿಗೂ ಚಕ್ರಗಳಿಗೂ ಸಂಬಂಧವೇ ಇರದ ಕಾರಣ, ಗೇರಿನಲ್ಲಿ ನಿಲ್ಲಿಸಿದ್ದೇನೆಂದು ನಂಬಿ ಹ್ಯಾಂಡ್‌ಬ್ರೇಕ್ ಹಾಕದೆ ಇಳಿದರೆ ಗಾಡಿ ಇಳಿಜಾರಿನಲ್ಲಿ ತಾನೇ ಹೊರಟುಬಿಡುತ್ತದೆ. ದೀಪ ನೋಡಿದ ಮೇಲೂ ಹಬ್ಬನ್ನು ಕಣ್ಣಿನಿಂದ, ಲಿವರನ್ನು ಕೈಯಿಂದ ನೋಡಲೇಬೇಕು.

ಇನ್ನು ಬಲ್ಬಿನ ಗೋಳು. ಹೇಗೂ ಮೀಟರ್ ಬೋರ್ಡ್ ಬಿಚ್ಚಿದ್ದಾಯಿತಲ್ಲ ಎಂದು ಎಲೆಕ್ಟ್ರಿಷಿಯನ್ ಹಳೆಯ 1.2 ವಾಟ್ ಬಲ್ಬಿನ ಜಾಗಕ್ಕೆ ಎಲ್‌ಇಡಿ ಹಾಕಿಕೊಟ್ಟ. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಇರುವುದರಿಂದ ಮೊದಲು ಹತ್ತಲಿಲ್ಲ. ತಿರುಗಿಸಿ ಹಾಕಿದಾಗ ಹತ್ತಿತು. ಹಗಲಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಪುನರ್ವಸು ಮಳೆ ಬಿದ್ದಿತೋ ಇಲ್ಲವೋ, 2ಎಚ್‌ನಲ್ಲೂ ಅದು ಮಂದವಾಗಿ ಮಿನುಗತೊಡಗಿತು. ವೈರಿಂಗಿನಲ್ಲಿ ಎಲ್ಲೋ ತೇವದ ಮೂಲಕ ಸೋರುವ ಅಲ್ಪ ವಿದ್ಯುತ್ತು ತಂತಿಯ ಬಲ್ಬನ್ನು ಬೆಳಗಿಸಲಾರದು, ಎಲ್‌ಇಡಿಗೆ ಅದೇ ಸಾಕಾಗುತ್ತದೆ. ಫೋರ್‌ವೀಲ್ ಇದೆಯೋ ಇಲ್ಲವೋ ಎಂದು ತಿಳಿಸಬೇಕಾದ ದೀಪವೇ ಅರ್ಧ ಇದೆ ಎಂದರೆ ಅದನ್ನು ಇಟ್ಟುಕೊಂಡು ಮಾಡುವುದೇನು? ಚಿಲ್ಲರೆ ಕಾಸಿನ ತಂತಿಯ ಬಲ್ಬನ್ನೇ ಮತ್ತೆ ಹಾಕಿಸಿದ ಮೇಲೆ ನೆಮ್ಮದಿಯಾಯಿತು.

ಗುಬ್ಬಿ ತಿರುಗಿಸಿ ಫೋರ್‌ವೀಲ್ ಹಾಕುವ, ಮೋಟಾರು ಕೂರಿಸಿದ ಗಾಡಿಗಳವರು ನನ್ನ ಮಾತು ಕೇಳಿ ಈ ಸ್ವಿಚ್ ತರಿಸಬೇಡಿ. ಅಲ್ಲಿ ದೀಪ ಮಿಣುಕುವುದು ಹೆಚ್ಚಾಗಿ ಕಂಟ್ರೋಲ್ ಯೂನಿಟ್ ಹೇಳುವ ದೂರು, ಅದಕ್ಕೆ ಸ್ಕ್ಯಾನರ್ ಇದ್ದವರೇ ಬೇಕು. ಲಿವರ್ ಇರುವ ಹಳೆಯ ಪಿಕಪ್ಪಿನವರು ಮಾತ್ರ ₹180ರ ಸ್ವಿಚ್ಚಿಗೆ ಆಸೆಪಡದೆ, ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಗುಂಡಿನ ಉದ್ದ ನೋಡಿ ಒಳ್ಳೆಯದನ್ನೇ ಕೊಳ್ಳಿ. ನಮ್ಮದರ ವಾಷರ್ ಸುತ್ತ ಈಚೆಗೆ ಗೇರ್ ಆಯಿಲ್ ಸ್ವಲ್ಪ ಒಸರುತ್ತಿದೆ. ತೊಟ್ಟಿಕ್ಕುವಷ್ಟಿಲ್ಲದಿರುವುದರಿಂದ ರೊಬಸ್ಟಾ ಕೊಯ್ಲು ಮುಗಿದು ಆಯಿಲ್ ಬದಲಿಸುವಾಗ ವಾಷರನ್ನೂ ಬದಲಿಸುವುದೆಂದು ಬಿಟ್ಟಿದ್ದೇನೆ.