ಗ್ರಂಜ್ ಮತ್ತು ಕಂಟ್ರಿ: ಎರಡು ತಂಡ, ಎರಡು ‘ಎರಡನೇ ಆಲ್ಬಮ್’

ಗ್ರಂಜ್ ಅನ್ನುವ ಒರಟು ರಾಕ್ ಸಂಗೀತದ ಗಿಟಾರ್ ಅಬ್ಬರವೂ ಬೇಕು, ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡಿನ ಸಂಕಟವೂ ಬೇಕು ಅನ್ನುವವರಿಗೆ ನಾನು ಹೇಳುವುದು ಎರಡೇ ಹೆಸರು. ಅರಿಜೋನಾದ ಮೀಟ್ ಪಪೆಟ್ಸ್ ತಂಡದ ‘ಮೀಟ್ ಪಪೆಟ್ಸ್ 2’ (1984) ಮತ್ತು ಇಲಿನಾಯ್‌ನ ಅಂಕಲ್ ಟುಪೆಲೊ ತಂಡದ ‘ಸ್ಟಿಲ್ ಫೀಲ್ ಗಾನ್’ (1991). ಎರಡೂ ಆಯಾ ತಂಡದ ಎರಡನೇ ಆಲ್ಬಮ್. ಎರಡರಲ್ಲೂ ತಂಡ ಅಂದರೆ ಮೂವರೇ.

‘ಸ್ಟಿಲ್ ಫೀಲ್ ಗಾನ್’ ಮೊದಲ ಸಲಕ್ಕೇ ಹಿಡಿಸುತ್ತದೆ. ಜೆಫ್ ಟ್ವೀಡಿ ಹಾಡುವ ‘ಗನ್’ ನೇರವಾಗಿ ಜೋರಿನಲ್ಲೇ ಶುರುವಾಗುತ್ತದೆ. ಆಮೇಲೆ ತಂಡದ ಇನ್ನೊಬ್ಬ ಹಾಡುಗಾರ ಜೇ ಫರಾರ್ ಬರುತ್ತಾನೆ. ಆಗಿನ್ನೂ ಇಪ್ಪತ್ತರ ಹರೆಯ, ಆದರೆ ದನಿಯಲ್ಲಿ ದುಡಿದು ದಣಿದ ಮುದುಕನ ಭಾರ! ‘ಸ್ಟಿಲ್ ಬಿ ಅರೌಂಡ್’ ಕೇಳಿ, ಗೊತ್ತಾಗುತ್ತದೆ. ನನ್ನ ತಕರಾರು ಒಂದೇ. ಇಲ್ಲಿ ಅಬ್ಬರ ಮತ್ತು ಮೆಲುದನಿ ಸರದಿ ಹಿಡಿದು ಬರುತ್ತವೆ. ಒಂದು ಮುಗಿದು ಇನ್ನೊಂದು ಶುರುವಾಗುವ ಜಾಗ ಕಿವಿಗೆ ಗೊತ್ತಾಗಿಬಿಡುತ್ತದೆ.

‘ಮೀಟ್ ಪಪೆಟ್ಸ್ 2’ರಲ್ಲಿ ಆ ಜಾಗವೇ ಸಿಗುವುದಿಲ್ಲ. ಪಂಕ್ ಅನ್ನುವ ಬಿರುಸಿನ ರಾಕ್‌ನ ವೇಗದಲ್ಲೇ ಕಂಟ್ರಿ ಗಿಟಾರ್ ಓಡುತ್ತಿರುತ್ತದೆ. ‘ಲಾಸ್ಟ್’ ಹಾಡನ್ನು ಯಾವ ಗುಂಪಿಗೆ ಸೇರಿಸುತ್ತೀರಿ? ನನ್ನಿಂದಂತೂ ಆಗಿಲ್ಲ. ಹಾಡುಗಾರ ಕರ್ಟ್ ಕರ್ಕ್‌ವುಡ್ ದನಿ ಶ್ರುತಿಯಲ್ಲಿ ನಿಲ್ಲುವುದೇ ಇಲ್ಲ. ಕೆಲವರಿಗೆ ಅದು ಕಿರಿಕಿರಿ ಅನ್ನಿಸಬಹುದು. ನನಗೆ ಆ ನಡುಗುವ ದನಿಯೇ ಇಡೀ ಆಲ್ಬಮ್‌ನ ಜೀವ. ಮಧ್ಯೆ ಮಧ್ಯೆ ಮಾತಿಲ್ಲದ ಮೂರು ತುಣುಕುಗಳಿವೆ. ‘ಅರೋರಾ ಬೊರಿಯಾಲಿಸ್’ ಬಂದಾಗ ಸುಮ್ನೆ ಕಣ್ಣು ಮುಚ್ಚಿ ಕೇಳಬೇಕು.

ಗ್ರಂಜ್‌ಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. 1993ರಲ್ಲಿ ಗ್ರಂಜ್‌ನ ಹೆಸರಾಂತ ತಂಡ ನಿರ್ವಾಣ ಎಂಟಿವಿ ಚಾನೆಲ್‌ಗಾಗಿ ಅಬ್ಬರವಿಲ್ಲದ ‘ಅನ್‌ಪ್ಲಗ್ಡ್’ ಕಾರ್ಯಕ್ರಮ ಕೊಟ್ಟಾಗ ಈ ಆಲ್ಬಮ್‌ನ ಮೂರು ಹಾಡು ಹಾಡಿತು: ‘ಪ್ಲಾಟೋ’, ‘ಓ, ಮಿ’, ‘ಲೇಕ್ ಆಫ್ ಫೈರ್’. ಮೀಟ್ ಪಪೆಟ್ಸ್‌ನ ಕರ್ಕ್‌ವುಡ್ ಅಣ್ಣತಮ್ಮಂದಿರೇ ವೇದಿಕೆಗೆ ಬಂದು ನುಡಿಸಿದರು. ನಿರ್ವಾಣದ ಹಾಡುಗಾರ ಕರ್ಟ್ ಕೊಬೇನ್ ಗಿಟಾರ್ ಬದಿಗಿಟ್ಟು ಹಾಡಿದ. ಕೊಬೇನ್ ಹಾಡಿದ್ದನ್ನು ಮೊದಲು ಕೇಳಿ, ಆಮೇಲೆ ಮೂಲಕ್ಕೆ ಬಂದವರಿಗೆ ಅದು ಒರಟು ಅನ್ನಿಸುವುದು ಸಹಜ. ಅಲ್ಲಿಗೇ ಬಿಡಬೇಡಿ, ಇನ್ನೆರಡು ಸಲ ಕೇಳಿ.

ಅಂಕಲ್ ಟುಪೆಲೊ 1994ರಲ್ಲಿ ಒಡೆಯಿತು. ಫರಾರ್ ಸನ್ ವೋಲ್ಟ್ ಕಟ್ಟಿದ, ಟ್ವೀಡಿ ವಿಲ್ಕೊ ಕಟ್ಟಿದ. ಆ ಎರಡು ತಂಡಗಳನ್ನು ಈಗಾಗಲೇ ಇಷ್ಟಪಡುವವರು ‘ಸ್ಟಿಲ್ ಫೀಲ್ ಗಾನ್’ನಿಂದ ಶುರು ಮಾಡಿದರೆ ಒಳ್ಳೆಯದು. ಸಾಹಿತ್ಯಕ್ಕೆ ಜಾಸ್ತಿ ಕಿವಿ ಕೊಡುವವರೂ ಅಷ್ಟೇ. ಉಳಿದ ಎಲ್ಲರಿಗೂ ನನ್ನ ಓಟು ‘ಮೀಟ್ ಪಪೆಟ್ಸ್ 2’ಕ್ಕೆ. ಹನ್ನೆರಡು ತುಣುಕು, ಹೆಚ್ಚುಕಡಿಮೆ ಅರ್ಧ ಗಂಟೆ. ಮಧ್ಯೆ ಯಾವುದನ್ನೂ ಹಾರಿಸದೆ ಒಂದೇ ಪಟ್ಟಿಗೆ ಕೇಳಿ.